ಶಿಫ್ಟ್ ಮೊದಲು, ಸ್ಪೀಡ್ ಆಮೇಲೆ: ಕೀಬೋರ್ಡ್ ನೋಡದೆ ಕನ್ನಡ ಟೈಪ್ ಮಾಡಿಸಿದ ನನ್ನ ಅನುಭವ

ನಮ್ಮ ಡಿಟಿಪಿ ಅಂಗಡಿಯ ಮೂವರು ಆಪರೇಟರುಗಳೂ ಈಗ ಕೀಬೋರ್ಡ್ ನೋಡದೆ ಕನ್ನಡ ಹೊಡೆಯುತ್ತಾರೆ. ಮೂವರದ್ದೂ ಹತ್ತು ಹದಿನೈದು ವರ್ಷದ ಎರಡು ಬೆರಳಿನ ಅಭ್ಯಾಸ. ಒಬ್ಬರಿಗೆ ಐವತ್ತು ದಾಟಿದೆ. "ಈ ವಯಸ್ಸಲ್ಲಿ ಬೆರಳು ಬಗ್ಗಲ್ಲ ಸರ್, ಸುಮ್ನೆ ಕೆಲಸ ಕೆಡುತ್ತೆ" ಅಂದವರು ಅವರೇ. ಟೈಪಿಂಗ್ ಕ್ಲಾಸ್ ನಡೆಸುವ ಗೆಳೆಯರೊಬ್ಬರು "ಮೊದಲು ಇಂಗ್ಲಿಷ್ ಜೂನಿಯರ್ ಟೈಪಿಂಗ್ ಪರೀಕ್ಷೆ ಮಾಡಿಸಿ, ಆಮೇಲೆ ಕನ್ನಡ ನೋಡೋಣ" ಅಂದಿದ್ದರು. ಇಂಗ್ಲಿಷ್ ಜೂನಿಯರ್ ಇಲ್ಲದೆಯೇ ಆಯಿತು. ನುಡಿ ತಂತ್ರಾಂಶದಲ್ಲಿ, ಅಂದರೆ ಇಂಗ್ಲಿಷ್ ಕೀಗಳ ಮೇಲೇ ಕನ್ನಡ ಅಕ್ಷರ ಕೂರಿಸಿದ ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸದಲ್ಲಿ ಹೊಡೆಯುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಎರಡು ಬೆರಳಿನವರು ನಿಧಾನ ಅಂತ ನಾನು ಹೇಳುವುದಿಲ್ಲ. ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದವರು 2016ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ತಾವಾಗಿಯೇ ಕಲಿತವರಲ್ಲಿ ಕೆಲವರು ಹತ್ತು ಬೆರಳಿನವರಷ್ಟೇ ವೇಗವಾಗಿ ಹೊಡೆದರು. ಎಷ್ಟು ಬೆರಳು ಅನ್ನುವುದಕ್ಕಿಂತ, ಒಂದು ಕೀಗೆ ಯಾವಾಗಲೂ ಅದೇ ಬೆರಳು ಹೋಗುತ್ತದಾ ಅನ್ನುವುದು ಮುಖ್ಯ ಅಂತ ಕಂಡುಬಂತು. ಆದರೆ ತಾವಾಗಿ ಕಲಿತವರ ಕಣ್ಣು ಕೈ ಮೇಲೇ ಜಾಸ್ತಿ ಇತ್ತು. ನಮ್ಮ ದುಡ್ಡು ಹೋಗುವುದು ಅಲ್ಲೇ. ಹಸ್ತಪ್ರತಿ, ಕೀಬೋರ್ಡ್, ಸ್ಕ್ರೀನ್ ಅಂತ ಕಣ್ಣು ಓಡಾಡುವಾಗ ಸಾಲು ಹಾರುತ್ತದೆ. ಒಂದೇ ಪದದಿಂದ ಶುರುವಾಗುವ ಎರಡು ಸಾಲು ಹತ್ತಿರ ಇದ್ದರಂತೂ ಮುಗಿಯಿತು. ಪುಟಕ್ಕೆ ಇಪ್ಪತ್ತು ರೂಪಾಯಿ ತಗೊಂಡು ಮೂರು ಸಲ ಪ್ರೂಫ್ ತಿದ್ದಿದರೆ ಏನು ಉಳಿಯುತ್ತದೆ ಹೇಳಿ.

ಕೈಗೆ ಹತ್ತದೆ ಹೋದ ದಾರಿಗಳು ಹಲವು. ಮೊದಲು ಎರಡು ಸಾವಿರದ ಹತ್ತಿರ ಕೊಟ್ಟು ಒಂದು ಟೈಪಿಂಗ್ ಸಾಫ್ಟ್‌ವೇರ್ ತಂದೆ. ಅದರಲ್ಲಿ ಎ, ಎಸ್, ಡಿ, ಎಫ್ ಅಂತ ಒಂದು ತಿಂಗಳು ಬಡಿದರು. ಬೆರಳು ಇಂಗ್ಲಿಷಿಗೆ ಕುಳಿತವು. ಕನ್ನಡ ಮ್ಯಾಟರ್ ಎದುರಿಗಿಟ್ಟ ತಕ್ಷಣ ಮತ್ತೆ ಎರಡು ಬೆರಳು. ಆಮೇಲೆ ಕೀಗಳ ಮೇಲೆ ಕಪ್ಪು ಸ್ಟಿಕ್ಕರ್ ಅಂಟಿಸಿದೆ. ಕೆಲಸ ಮೂರನೇ ಒಂದು ಭಾಗಕ್ಕೆ ಇಳಿಯಿತು. ಒಂದು ಪಿಎಚ್‌ಡಿ ಪ್ರಬಂಧದ ಕೆಲಸ ಬೇರೆ ಕಡೆ ಹೋಯಿತು. ಆ ತಿಂಗಳು ಎಂಟರಿಂದ ಹತ್ತು ಸಾವಿರ ಕೈಬಿಟ್ಟಿತು. ಮೆಕ್ಯಾನಿಕಲ್ ಕೀಬೋರ್ಡ್‌ಗೂ ಆರು ಸಾವಿರ ಹಾಕಿದೆ. ಸದ್ದು ಚೆನ್ನಾಗಿತ್ತು, ಕೈ ಬದಲಾಗಲಿಲ್ಲ. ಈಗ ಎಲ್ಲರೂ ಐನೂರರ ಒಳಗಿನ ಕೀಬೋರ್ಡಿನಲ್ಲೇ ಇದ್ದಾರೆ.

ಆಗ ಕೂತು ನಮ್ಮದೇ ಹಳೇ ಫೈಲುಗಳಲ್ಲಿ ಪದ ಪದ ಬಿಡಿಸಿ ನೋಡಿದೆ. ಇಂಗ್ಲಿಷ್ ಪಾಠಗಳಲ್ಲಿ ಶಿಫ್ಟ್ ಕೊನೆಗೆ ಬರುತ್ತದೆ, ಯಾಕೆಂದರೆ ಅಲ್ಲಿ ಅದು ವಾಕ್ಯದ ಶುರುವಿಗೆ, ಹೆಸರುಗಳಿಗೆ ಬೇಕು ಅಷ್ಟೇ. ನಮ್ಮಲ್ಲಿ ಆ, ಈ, ಊ, ಏ, ಓ ಎಲ್ಲಕ್ಕೂ ಶಿಫ್ಟ್. ಳ, ಣ, ಶ, ಅನುಸ್ವಾರದ ಸೊನ್ನೆಗೂ ಶಿಫ್ಟ್. 'ಹೇಳಿದಾಗ' ಅನ್ನಲು ಏಳು ಕೀ, ಅದರಲ್ಲಿ ಮೂರಕ್ಕೆ ಶಿಫ್ಟ್. ಎರಡು ಬೆರಳಿನವರು ಎಲ್ಲದಕ್ಕೂ ಎಡಗಡೆಯ ಶಿಫ್ಟ್ ಒಂದನ್ನೇ ಒತ್ತುತ್ತಾರೆ. ಎಡಗೈ ಶಿಫ್ಟ್ ಹಿಡಿದಿರುವಾಗ ಆ ಅಥವಾ ಏ ಹೊಡೆಯಬೇಕಾದರೆ ಬಲಗೈ ಇಡೀ ಕೀಬೋರ್ಡ್ ದಾಟಿ ಬರಬೇಕು. ಕೈ ಜಾಗ ಬಿಟ್ಟಿತು ಅಂದರೆ ಕಣ್ಣು ಕೆಳಗೆ ಹೋಗಲೇಬೇಕು, ಅಲ್ವಾ? ಎಲ್ಲ ತೊಂದರೆಯ ಬೇರು ಇದೇ.

ಹಾಗಾಗಿ ಪಾಠ ತಿರುಗಿಸಿದೆ. ಮೊದಲ ವಾರ ಬರೀ ಶಿಫ್ಟ್. ಳ, ಣ, ಸೊನ್ನೆ, ಈ, ಊ, ಓ ಬಲಗೈಯವು, ಅವಕ್ಕೆ ಎಡ ಶಿಫ್ಟ್. ಆ, ಏ, ಶ ಎಡಗೈಯವು, ಅವಕ್ಕೆ ಬಲ ಶಿಫ್ಟ್. ಬಲ ಶಿಫ್ಟನ್ನು ನಮ್ಮವರು ಅಲ್ಲಿಯವರೆಗೆ ಮುಟ್ಟಿರಲೇ ಇಲ್ಲ. ಅಂಗಡಿ ತೆರೆಯುವ ಮೊದಲು ಅರ್ಧ ಗಂಟೆ ಅಷ್ಟೇ ಅಭ್ಯಾಸ. ಹೊಡೆಯುವುದು ಹಿಂದಿನ ದಿನ ಮುಗಿಸಿದ ಹಸ್ತಪ್ರತಿಯನ್ನೇ, ಬ್ಯಾಕ್‌ಸ್ಪೇಸ್ ಇಲ್ಲದೆ. ಮಿಕ್ಕ ಹೊತ್ತು ಹಳೇ ರೀತಿಯಲ್ಲೇ ಹೊಡೆಯಲಿ ಅಂತ ಬಿಟ್ಟೆ. ಈ ಸಲ ಒಂದು ಕೆಲಸವೂ ತಡವಾಗಲಿಲ್ಲ.

ಎರಡನೆಯದು ಒತ್ತಕ್ಷರ. ಒತ್ತು ಕೊಡುವ ಎಫ್ ಕೀ ಎಡಗೈ ತೋರುಬೆರಳಿನ ಕೆಳಗೇ ಇದೆ, ಮೇಲೆ ಸಣ್ಣ ಉಬ್ಬೂ ಇದೆ. ನ್ನ, ಲ್ಲ, ಕ್ಕ, ಪ್ಪ ಬಂದರೆ ಸ್ವರ್ಗ, ಬಲ ಎಡ ಬಲ ಅಂತ ಕೈ ತಾನಾಗಿ ಓಡುತ್ತದೆ. 'ಕನ್ನಡ' ಐದೇ ಕೀ. ಆದರೆ ತ, ರ, ಗ, ವ, ಬ ಎಲ್ಲವೂ ಅದೇ ತೋರುಬೆರಳಿಗೆ ಬರುತ್ತವೆ. 'ಮತ್ತು' ಹೊಡೆಯುವಾಗ ಆ ಒಂದು ಬೆರಳು ಮೂರು ಸಲ ಹಾರಬೇಕು. ಪುಟಕ್ಕೆ ಎಷ್ಟು 'ಮತ್ತು' ಬರುತ್ತದೆ ಅಂತ ನಿಮಗೇ ಗೊತ್ತು. ನಾನು ಇಲ್ಲಿ ಪಾಠದ ನಿಯಮ ಮುರಿದೆ. ಒತ್ತಿಗೆ ನಡುಬೆರಳು, ದ ಅಕ್ಕಪಕ್ಕ ಇದ್ದಾಗ ಮಾತ್ರ ತೋರುಬೆರಳು. ಇನ್‌ಸ್ಟಿಟ್ಯೂಟಿನ ಗೆಳೆಯರಿಗೆ ಇದು ಇವತ್ತಿಗೂ ಸರಿಬಂದಿಲ್ಲ. ಯಾವ ಬೆರಳಾದರೂ ಪರವಾಗಿಲ್ಲ, ದಿನಾ ಅದೇ ಬೆರಳಾಗಿರಲಿ ಅನ್ನುವುದು ನನ್ನ ವಾದ. ಅರ್ಕಾವತ್ತಿಗೆ ಬೇರೆ ಒಂದು ಉಪಾಯ ಇದೆ. ಅದನ್ನೂ, ನಮ್ಮ ಅಭ್ಯಾಸದ ಪದಪಟ್ಟಿಯನ್ನೂ ಇಲ್ಲಿ ಹಾಕುವುದಿಲ್ಲ. ಅದು ಅಂಗಡಿಯ ಸ್ವತ್ತು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಆಲ್ಟೊದವರೇ ಕೇಂಬ್ರಿಜ್‌ನವರ ಜೊತೆ ಸೇರಿ 2018ರಲ್ಲಿ 1,68,000 ಜನರ ಟೈಪಿಂಗ್ ನೋಡಿದ್ದರು. ಸರಾಸರಿ ವೇಗ ನಿಮಿಷಕ್ಕೆ 52 ಪದ. ವೇಗದವರು ಹಿಂದಿನ ಕೀ ಬಿಡುವ ಮೊದಲೇ ಮುಂದಿನದನ್ನು ಒತ್ತುತ್ತಾರಂತೆ. ನಮ್ಮ ಕಿರಿಯ ಆಪರೇಟರ್ ಇದನ್ನು ಹಿಡಿದಳು. ಮಾಮೂಲಿ ಅಕ್ಷರಗಳಲ್ಲಿ ಚೆನ್ನಾಗಿ ಬಂತು. ಶಿಫ್ಟ್ ಇದ್ದಲ್ಲಿ ಬರಲಿಲ್ಲ. ಶಿಫ್ಟ್ ಒಂದು ಚೂರು ತಡವಾಗಿ ಬಿಟ್ಟರೂ 'ಳಿ' ಹೋಗಿ 'ಳೀ' ಆಗುತ್ತದೆ. ಹಾಗಾಗಿ ಶಿಫ್ಟ್ ಪೂರ್ತಿ ಬಿಟ್ಟೇ ಮುಂದಿನ ಕೀ ಅಂತ ನಿಯಮ ಮಾಡಿದೆವು. ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ಕೀಬೋರ್ಡ್ ವಿನ್ಯಾಸ ಕೂಡ ನೋಡಿದೆ. ಸ್ವರ ಎಡಕ್ಕೆ, ವ್ಯಂಜನ ಬಲಕ್ಕೆ, ವಿನ್ಯಾಸ ಸೊಗಸಾಗಿದೆ. ಹೊಸಬರಿಗೆ ಒಳ್ಳೆಯದು, ನುಡಿಯಲ್ಲಿ ಕೈ ಕೂತವರಿಗೆ ಬೇಡ. ಧ್ವನಿ ಟೈಪಿಂಗ್ ಪತ್ರಕ್ಕೆ ಸಾಕು. ವಚನ, ಹಳಗನ್ನಡ, ಊರ ಹೆಸರು ಬಂದರೆ ತಿದ್ದುವುದೇ ಜಾಸ್ತಿ.

ಸುಮಾರು ನಾಲ್ಕು ತಿಂಗಳಿಗೆ ಹಳೇ ವೇಗ ಸಿಕ್ಕಿತು, ನಿಮಿಷಕ್ಕೆ ಇಪ್ಪತ್ತು ಚಿಲ್ಲರೆ ಪದ. ಈಗ ಇಬ್ಬರು ಮೂವತ್ತು ದಾಟಿದ್ದಾರೆ. ಹಿರಿಯರು ಇಪ್ಪತ್ತೆಂಟರ ಹತ್ತಿರ ಇದ್ದಾರೆ, ಆದರೆ ತಪ್ಪು ಎಲ್ಲರಿಗಿಂತ ಕಡಿಮೆ ಅವರದ್ದೇ. ಮೂರು ಪ್ರೂಫ್ ಇದ್ದದ್ದು ಎರಡಕ್ಕೆ ಬಂದಿದೆ. ಇನ್ನೂರು ಪುಟದ ಪುಸ್ತಕದಲ್ಲಿ ಪ್ರಿಂಟ್, ಪೇಪರ್, ಕೂಲಿ ಸೇರಿ ಎಂಟುನೂರರಿಂದ ಸಾವಿರ ರೂಪಾಯಿ ಉಳಿಯುತ್ತದೆ. ಸಾಲು ಹಾರಿದ ದೂರು ಬಂದು ಬಹಳ ಕಾಲವಾಯಿತು. ಅಂಕಿ ಸಾಲಿಗೆ, ಙ, ಞಗೆ ಈಗಲೂ ಕೆಳಗೆ ನೋಡುತ್ತಾರೆ. ಙ, ಞ ಬರುವುದೇ ಅಪರೂಪ, ಅವಕ್ಕೆ ಅಭ್ಯಾಸದ ಹೊತ್ತು ಹಾಕುವುದಿಲ್ಲ. ಅಂಕಿಗಳನ್ನು ಮುಂದಿನ ತಿಂಗಳಿಂದ ಶುರು ಮಾಡುತ್ತೇವೆ, ಹಳೇ ಬಿಲ್ ಪುಸ್ತಕ ಎದುರಿಗಿಟ್ಟುಕೊಂಡು.