ಗ್ಯಾಲಕ್ಸಿಯಲ್ಲಿ ಹಸಿರು ಕಂಡರೆ ಸಾಲದು: ಭತ್ತದ ಆರ್‌ಎನ್‌ಎ ಲೆಕ್ಕದ ನನ್ನ ಅನುಭವ

ಸಿಂಧನೂರು, ಗಂಗಾವತಿ ಕಡೆಯ ಭತ್ತಕ್ಕೆ ದುಂಡಾಣು ಅಂಗಮಾರಿ ಹಳೆಯ ಕಾಟ. ರೋಗ ಬಿದ್ದ ಎಲೆಯಲ್ಲಿ ಯಾವ ಜೀನ್ ಏರಿದೆ, ಯಾವುದು ಇಳಿದಿದೆ ಎಂದು ನೋಡಲು ಸಾರ್ವಜನಿಕ ಸಂಗ್ರಹದ ಆರ್‌ಎನ್‌ಎ ಡೇಟಾ ಆರಿಸಿಕೊಂಡೆ. ರೋಗದ ಸ್ಯಾಂಪಲ್ 3, ಆರೋಗ್ಯದ್ದು 3; ರೀಡ್ (ಯಂತ್ರ ಓದಿದ ತುಣುಕು) ಜೋಡಿಯಾದ್ದರಿಂದ 12 ಫೈಲು. 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿಗೆ ಇದು ಭಾರ. ಇಂಥ ಡೇಟಾ ವಿಶ್ಲೇಷಿಸುವ ಗ್ಯಾಲಕ್ಸಿ ಎಂಬ ಜಾಲತಾಣದ ಯುರೋಪ್ ಸರ್ವರಿನಲ್ಲಿ ಖಾತೆ ಪುಕ್ಕಟೆ, ಜಾಗ 250 ಜಿಬಿ, ಬೇಕಾದದ್ದು ಬ್ರೌಸರ್ ಒಂದೇ.

ಫೈಲನ್ನು ರಾಯಚೂರಿಗೆ ಇಳಿಸಿ ಮತ್ತೆ ಏರಿಸುವ ಗೋಜು ಬೇಡ. ಅಪ್‌ಲೋಡಿನ ‘ಪೇಸ್ಟ್/ಫೆಚ್’ ಡಬ್ಬಿಯಲ್ಲಿ ಇಎನ್‌ಎ (ಯುರೋಪಿನ ಸಾರ್ವಜನಿಕ ಸಂಗ್ರಹ) ಕೊಂಡಿಗಳನ್ನು ಸಾಲಿಗೊಂದರಂತೆ ಹಾಕಿದರೆ ಸರ್ವರೇ ಎಳೆದುಕೊಳ್ಳುತ್ತದೆ. ನಡುವೆ ಕರೆಂಟು ಹೋದರೂ ಕೆಲಸ ನಿಲ್ಲದು. ಬಂದ ಮೇಲೆ ಫೈಲಿನ ಬಗೆ ನೋಡಿ: ‘ಫಾಸ್ಟ್‌ಕ್ಯೂಸ್ಯಾಂಗರ್.ಜಿಝಡ್’ ಇರಬೇಕು. ಬರೀ ‘ಫಾಸ್ಟ್‌ಕ್ಯೂ’ ಎಂದಿದ್ದರೆ ಹಿಸ್ಟರಿಯಲ್ಲಿ (ನಿಮ್ಮ ಫೈಲುಗಳ ಪಟ್ಟಿಯಲ್ಲಿ) ಫೈಲ್ ಕಾಣುತ್ತದೆ, ಟೂಲಿನ ಆಯ್ಕೆಪಟ್ಟಿಯಲ್ಲಿ ಕಾಣುವುದಿಲ್ಲ. ಪೆನ್ಸಿಲ್ ಗುರುತು ಒತ್ತಿ ಬಗೆ ಬದಲಿಸಿ.

ರೀಡ್ ಗುಣಮಟ್ಟ ನೋಡುವ ಫಾಸ್ಟ್‌ಕ್ಯೂಸಿ ವರದಿಯಲ್ಲಿ ಮೊದಲ 10–12 ಬೇಸ್‌ಗಳ (ಎ, ಸಿ, ಜಿ, ಟಿ ಅಕ್ಷರಗಳ) ಪ್ರಮಾಣದ ಗೆರೆ ಅಂಕುಡೊಂಕಾಗಿ, ಕೆಂಪು ಗುರುತು ಬಿದ್ದರೆ ಗಾಬರಿ ಬೇಡ. ರ‍್ಯಾಂಡಮ್ ಪ್ರೈಮರ್ ಬಳಸಿದ ಆರ್‌ಎನ್‌ಎ ಲೈಬ್ರರಿಗಳಲ್ಲಿ (ಓದಿಸಲು ಸಿದ್ಧಮಾಡಿದ ಮಾದರಿಗಳಲ್ಲಿ) ಅದು ಇದ್ದದ್ದೇ, ಕತ್ತರಿಸಬೇಕಿಲ್ಲ. ಫಾಸ್ಟ್‌ಪಿ ಟೂಲಿನಿಂದ ಅಡಾಪ್ಟರ್ (ಅಂಟಿಸಿದ ಕೃತಕ ತುದಿ) ತೆಗೆದು, 36 ಬೇಸ್‌ಗಿಂತ ಗಿಡ್ಡ ರೀಡ್ ಬಿಟ್ಟು, ಜಿನೋಮಿಗೆ ರೀಡ್ ಕೂಡಿಸುವ ಹೈಸ್ಯಾಟ್2ಗೆ ಕೊಟ್ಟೆ.

ನಿಜವಾದ ಪೆಟ್ಟು ಬಿದ್ದದ್ದು ಜೀನಿಗೆ ಎಷ್ಟು ರೀಡ್ ಎಂದು ಎಣಿಸುವ ಫೀಚರ್‌ಕೌಂಟ್ಸ್‌ನಲ್ಲಿ. ಜಾಬ್ ಹಸಿರು (ಅಂದರೆ ಕೆಲಸ ಮುಗಿದಿದೆ), ದೋಷದ ಸುಳಿವಿಲ್ಲ, ಆದರೆ ಪ್ರತಿ ಜೀನ್ ಎದುರು ಸೊನ್ನೆ. ಸಮ್ಮರಿ ಫೈಲಿನಲ್ಲಿ ‘ಅಸೈನ್ಡ್’ 0, ಕೂಡಿಕೊಂಡ ರೀಡೆಲ್ಲ ‘ನೋಫೀಚರ್ಸ್’ ಸಾಲಿನಲ್ಲಿ. ಕಾರಣ ಹೆಸರು: ಭತ್ತದ 12 ಕ್ರೋಮೋಸೋಮುಗಳಿಗೆ ಎನ್ಸೆಂಬಲ್ ಪ್ಲಾಂಟ್ಸ್ ಎಂಬ ಜಿನೋಮ್ ತಾಣ ಬರೀ 1, 2 ಎಂದು ಬರೆಯುತ್ತದೆ, ರ‍್ಯಾಪ್-ಡಿಬಿ ಎಂಬ ಭತ್ತದ ತಾಣ ಅಂಕಿಯ ಮುಂದೆ ‘ಸಿಎಚ್‌ಆರ್’ ಸೇರಿಸಿ 01 ಎನ್ನುತ್ತದೆ. ಜಿನೋಮ್ ಒಂದು ಕಡೆಯದು, ಜಿಟಿಎಫ್ (ಯಾವ ಜೀನ್ ಎಲ್ಲಿದೆ ಎಂಬ ಪಟ್ಟಿ) ಇನ್ನೊಂದು ಕಡೆಯದಾದರೆ ಎರಡೂ ಒಂದನ್ನೊಂದು ಗುರುತಿಸುವುದಿಲ್ಲ. ಎರಡನ್ನೂ ಒಂದೇ ತಾಣದ ಒಂದೇ ಆವೃತ್ತಿಯಿಂದ ತಂದರೆ ಮುಗಿಯಿತು.

ಸೊನ್ನೆ ಹೋಗಿಯೂ ಎಣಿಕೆ ತೀರಾ ಕಡಿಮೆ ಬಂದರೆ ಸ್ಟ್ರ್ಯಾಂಡ್ (ರೀಡ್ ಡಿಎನ್‌ಎಯ ಯಾವ ಎಳೆಯದು) ಆಯ್ಕೆ ನೋಡಿ. ಎಳೆಯ ಗುರುತು ಉಳಿಸುವ ಡಿಯುಟಿಪಿ ಕಿಟ್‌ಗೆ ‘ರಿವರ್ಸ್’ ಬೇಕು. ‘ಫಾರ್ವರ್ಡ್’ ಕೊಟ್ಟರೆ ಹೆಚ್ಚಿನ ರೀಡ್ ಲೆಕ್ಕಕ್ಕೇ ಬಾರದು. ಕಿಟ್ ಗೊತ್ತಿಲ್ಲದಿದ್ದರೆ ಇನ್ಫರ್ ಎಕ್ಸ್‌ಪೆರಿಮೆಂಟ್ ಟೂಲು ಹೇಳುತ್ತದೆ.

ಜಾಗ ತುಂಬಿತೆಂದು ಹೈಸ್ಯಾಟ್2 ಕೊಟ್ಟ ಬ್ಯಾಮ್ ಫೈಲ್ ಅಳಿಸಿದರೂ ಕೋಟಾ ಇಳಿಯದು, ಪೂರ್ತಿ ಪರ್ಜ್ (ಶಾಶ್ವತ ಅಳಿಕೆ) ಮಾಡಬೇಕು.

ಎರಡು ಗುಂಪುಗಳ ವ್ಯತ್ಯಾಸ ಲೆಕ್ಕಹಾಕುವ ಡೀಸೆಕ್2ಗೆ ಕಚ್ಚಾ ಎಣಿಕೆಯನ್ನೇ ಕೊಡಿ, ಎಫ್‌ಪಿಕೆಎಂ (ಜೀನಿನ ಉದ್ದ, ಒಟ್ಟು ರೀಡಿಗೆ ಹೊಂದಿಸಿದ ಅಂಕಿ) ಅಲ್ಲ. ಫ್ಯಾಕ್ಟರಿನಲ್ಲಿ ಮೊದಲು ರೋಗದ ಗುಂಪು, ಆಮೇಲೆ ಆರೋಗ್ಯದ್ದು. ಆಗ ಲಾಗ್ ಫೋಲ್ಡ್ (ಎಷ್ಟು ಪಟ್ಟು ಏರಿಳಿತ ಎಂಬ ಅಳತೆ) ಸೊನ್ನೆಗಿಂತ ಮೇಲಿದ್ದರೆ ರೋಗದಲ್ಲಿ ಏರಿದೆ ಎಂದರ್ಥ. ಕ್ರಮ ತಿರುವುಮುರುವಾದರೂ ಜಾಬ್ ಹಸಿರೇ, ಚಿಹ್ನೆ ಮಾತ್ರ ಉಲ್ಟಾ. ಪಟ್ಟಿಯ ಮೇಲಿನ ಒಂದು ಜೀನ್ ಹಿಡಿದು, ಆರೂ ಸ್ಯಾಂಪಲ್‌ಗಳ ಎಣಿಕೆಯನ್ನು ಕಣ್ಣಾರೆ ತಾಳೆ ನೋಡಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕುತ್ತೇನೆ.