ರೆನೆಸಾನ್ಸ್ ಜಾತ್ರೆಗೆ ವಿಜಯನಗರದ ವೇಷ: ನನ್ನ ಅನುಭವ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್ ಪಕ್ಕದ ಕ್ರೌನ್ಸ್‌ವಿಲ್‌ನಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದ ಸುಮಾರಿನವರೆಗೆ ಶನಿವಾರ, ಭಾನುವಾರ ರೆನೆಸಾನ್ಸ್ ಜಾತ್ರೆ ನಡೆಯುತ್ತದೆ. 1977ರಲ್ಲಿ ಶುರುವಾದದ್ದು. ಮರಗಳ ನಡುವೆ ರೆವೆಲ್ ಗ್ರೋವ್ ಎಂಬ ಹೆಸರಿನ ಕಟ್ಟಿಗೆಯಲ್ಲಿ ಕಟ್ಟಿದ ಅಂಗಡಿಗಳ ಹಳ್ಳಿ, ಅದಕ್ಕೆ ಬಂದಿಳಿಯುವ ಹದಿನಾರನೇ ಶತಮಾನದ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಮತ್ತು ಅವನ ಪರಿವಾರ. ವರ್ಷವರ್ಷಕ್ಕೂ ಹೆನ್ರಿಯ ಆಳ್ವಿಕೆಯ ಬೇರೆ ಬೇರೆ ಇಸವಿಯ ಕಥೆ ಆಡುತ್ತಾರೆ. ಹೋಗುವ ಜನರಲ್ಲಿ ಬಹಳಷ್ಟು ಮಂದಿ ವೇಷ ತೊಟ್ಟೇ ಹೋಗುತ್ತಾರೆ. ನಾಲ್ಕು ಜನರ ಸಂಸಾರಕ್ಕೆ ಗೇಟಿನ ಹತ್ತಿರ ಬಾಡಿಗೆ ಬಟ್ಟೆ ತೆಗೆದುಕೊಂಡರೆ ಟಿಕೆಟ್ಟಿನ ಖರ್ಚಿಗೇ ಸಮನಾಗಿಬಿಡುತ್ತದೆ. ಅದೂ ದಪ್ಪ ವೆಲ್ವೆಟ್ಟು. ಸೆಪ್ಟೆಂಬರಿನ ಸೆಕೆಯಲ್ಲಿ ಮಕ್ಕಳು ಅರ್ಧ ಗಂಟೆಗೆ ಬಿಚ್ಚಿ ಕೈಗೆ ಕೊಡುತ್ತಾರೆ.

ನಮಗೆ ಇದಕ್ಕಿಂತ ಚೆನ್ನಾದ ದಾರಿ ಇದೆ. ಹೆನ್ರಿ ಪಟ್ಟಕ್ಕೆ ಬಂದದ್ದು 1509ರಲ್ಲಿ, ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದೂ 1509ರಲ್ಲೇ. ಅಂದಮೇಲೆ ವಿಜಯನಗರದವರು ಈ ಜಾತ್ರೆಗೆ ಕಾಲ ತಪ್ಪಿ ಬಂದವರಲ್ಲ. ಹಾಗಾಗಿ ನಾವು ಹೋಗುವುದು ಕುಳ್ಳಾಯಿ ಟೋಪಿ, ಕಬಾಯಿ ಎಂಬ ಉದ್ದ ಅಂಗಿ, ಕಚ್ಚೆಯಲ್ಲಿ. ಎಲ್ಲ ತೆಳು ಹತ್ತಿ, ಹೆಚ್ಚಿನದು ಮನೆಯ ಬೀರುವಿನಲ್ಲೇ ಸಿಗುತ್ತದೆ. ನೋಡಿಕೊಳ್ಳಲು ಲೇಪಾಕ್ಷಿಯ ವೀರಭದ್ರ ದೇವಸ್ಥಾನದ ಚಾವಣಿಯ ಚಿತ್ರಗಳ ಫೋಟೊ ಸಾಕು. ಎತ್ತರದ ಟೋಪಿ, ಕಾಲಿನವರೆಗೆ ಇಳಿಯುವ ಬಿಳಿ ಅಂಗಿ, ಪಟ್ಟೆ ಪಟ್ಟೆ ಸೀರೆಗಳು ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಕುಳ್ಳಾಯಿ ಎಂದರೆ ಆ ಉದ್ದ ಟೋಪಿ. ಮಗುವಿನ ಹುಬ್ಬಿನ ಮೇಲಿನಿಂದ ಟೇಪು ಸುತ್ತಿ ಅಳೆಯಿರಿ. 52 ಸೆಂ.ಮೀ. ಬಂದರೆ 54 ಇಟ್ಟುಕೊಳ್ಳಿ. ಎತ್ತರ ಮಕ್ಕಳಿಗೆ 24, ದೊಡ್ಡವರಿಗೆ 30 ಸೆಂ.ಮೀ. ಕಾಗದದ ಮೇಲೆ ಒಂದು ಚುಕ್ಕೆ ಇಟ್ಟು, ದಾರಕ್ಕೆ ಪೆನ್ಸಿಲ್ ಕಟ್ಟಿ, 24 ಸೆಂ.ಮೀ. ದೂರದಲ್ಲಿ ಕಮಾನು ಎಳೆಯಿರಿ. ಕಮಾನಿನ ಮೇಲೆಯೇ ಟೇಪು ಬಗ್ಗಿಸಿ 54 ಗುರುತು ಮಾಡಿ, ಎರಡೂ ತುದಿಯಿಂದ ಚುಕ್ಕೆಗೆ ಗೆರೆ ಎಳೆಯಿರಿ. ಸುತ್ತ 1.5 ಸೆಂ.ಮೀ. ಹೊಲಿಗೆಗೆ ಬಿಡಿ. ಕೆಳಗಿನ ಅಂಚು ಕಮಾನಾಗಿಯೇ ಇರಬೇಕು. ತ್ರಿಕೋನ ಕತ್ತರಿಸಿ ಅಂಚನ್ನು ನೇರ ಮಾಡಿದರೆ, ಸುತ್ತಿ ಹೊಲಿದ ಮೇಲೆ ಒಂದು ಕಡೆ ಎತ್ತಿಕೊಂಡು, ಹೊಲಿಗೆ ಕೂಡುವ ಕಡೆ ಕೊಕ್ಕೆಯಂತೆ ಕೆಳಗೆ ಚಾಚುತ್ತದೆ. ತಲೆಯ ಮೇಲೆ ನಿಲ್ಲುವುದಿಲ್ಲ.

ಹೊರಗಿನ ಬಟ್ಟೆಗೆ ಹಳೆಯ ಸೀರೆಯ ಜರಿ ಸೆರಗು, ಒಳಗೆ ಹತ್ತಿ ಲೈನಿಂಗ್, ನಡುವೆ ಇಸ್ತ್ರಿಯಲ್ಲಿ ಅಂಟಿಸುವ ಕ್ಯಾನ್ವಾಸ್. ಈಗಿನ ಸೀರೆಗಳ ಜರಿ ಹೆಚ್ಚಾಗಿ ಪ್ಲಾಸ್ಟಿಕ್ ಎಳೆ. ಬಿಸಿ ಇಸ್ತ್ರಿ ನೇರವಾಗಿ ತಾಗಿದರೆ ಮುದುಡಿ ಕರಗುತ್ತದೆ. ಆದ್ದರಿಂದ ಕ್ಯಾನ್ವಾಸನ್ನು ಜರಿಗಲ್ಲ, ಲೈನಿಂಗ್ ಬಟ್ಟೆಗೆ ಅಂಟಿಸಿ, ಆಮೇಲೆ ಎರಡನ್ನೂ ಕೂಡಿಸಿ ಹೊಲಿಯುವುದು ಕ್ಷೇಮ. ಕ್ಯಾನ್ವಾಸ್ ಬದಲು ರಟ್ಟು ಹಾಕುವ ಯೋಚನೆ ಬೇಡ. ಹಣೆಯ ಬೆವರಿಗೆ ಮೊದಲು ಮೆತ್ತಗಾಗುವುದು ರಟ್ಟಿನ ಮುಂದಿನ ಅಂಚೇ. ಗದ್ದದ ಕೆಳಗೆ ಎಲಾಸ್ಟಿಕ್ಕೂ ಬೇಡ, ಮಕ್ಕಳು ಅದನ್ನು ಜಗಿಯುತ್ತಾರೆ, ಉಯ್ಯಾಲೆಯಲ್ಲಿ ಸಿಕ್ಕಿಕೊಳ್ಳುವ ಭಯ ಬೇರೆ. ಒಳಗೆ ಕಿವಿಯ ನೇರಕ್ಕೆ ಎರಡು ದಾರದ ಕುಣಿಕೆ ಹಾಕಿ, ಅದರೊಳಗಿಂದ ಕೂದಲಿಗೆ ಕ್ಲಿಪ್ಪು ಚುಚ್ಚಿದರೆ ಆಯಿತು.

ಕಬಾಯಿ ಇನ್ನೂ ಸುಲಭ. 120 ಸೆಂ.ಮೀ. ಎತ್ತರದ ಮಗುವಿಗೆ 110 ಸೆಂ.ಮೀ. ಪನ್ನದ (ಅಗಲದ) ತೆಳು ಮಲ್ ಬಟ್ಟೆ 1.75 ಮೀಟರ್ ಬೇಕು. ಮೊದಲು ಒಗೆದು ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಗಿಡ್ಡವಾಗುತ್ತದೆ. ಮೈಗೆ 45 ಅಗಲ, 160 ಉದ್ದದ ಒಂದೇ ಪಟ್ಟಿ. ಅದನ್ನು ಭುಜದಲ್ಲಿ ಮಡಿಸಿದರೆ ಮೀನಖಂಡದವರೆಗೆ ಬರುತ್ತದೆ. ಚಿತ್ರಗಳಲ್ಲಿ ಇನ್ನೂ ಕೆಳಗೆ ಇಳಿಯುತ್ತದೆ ನಿಜ, ಆದರೆ ಅವರು ಬೇರು ತುಂಬಿದ ಕಾಲುದಾರಿಯಲ್ಲಿ ಓಡುತ್ತಿರಲಿಲ್ಲ. ಉಳಿದ 65 ಸೆಂ.ಮೀ. ಅಗಲದಲ್ಲಿ 40 × 40ರ ಎರಡು ತೋಳು, ಪಕ್ಕದ ಘೇರಿಗೆ ಎರಡು ತ್ರಿಕೋನ, ಕಂಕುಳಿಗೆ 10 × 10ರ ಎರಡು ಚೌಕ ಕತ್ತರಿಸಿ. ಈ ಚೌಕಗಳನ್ನು ಬಿಡಲೇಬೇಡಿ. ಅವಿಲ್ಲದಿದ್ದರೆ ಕೈ ಎತ್ತಿದಾಗಲೆಲ್ಲ ಇಡೀ ಅಂಗಿ ಮೇಲೆ ಬರುತ್ತದೆ. ಬಿಲ್ಲು ಹೂಡುವ ಆಟದ ಹೊತ್ತಿಗೆ ಕಂಕುಳ ಹೊಲಿಗೆ ಬಿಚ್ಚಿರುತ್ತದೆ. ಮುಂಭಾಗವನ್ನು ಕೆಳಗಿನವರೆಗೂ ಸೀಳದೆ ಕೊರಳಿನಿಂದ 20 ಸೆಂ.ಮೀ. ಮಾತ್ರ ಸೀಳಿ ದಾರ ಕಟ್ಟಿ. ಸೊಂಟಕ್ಕೆ ಹಳೆ ರೇಷ್ಮೆ ಶಲ್ಯ.

ಗಂಡಸರಿಗೆ ಕಚ್ಚೆಪಂಚೆ ಚಂದ, ಆದರೆ ಅಲ್ಲಿನ ಶೌಚಾಲಯಗಳ ಇಕ್ಕಟ್ಟಿನಲ್ಲಿ ಅದನ್ನು ಬಿಚ್ಚಿ ಉಡುವುದು ಯಾರಿಗೂ ಬೇಡ. ಎಲಾಸ್ಟಿಕ್ ಹಾಕಿ ಹೊಲಿದ ರೆಡಿಮೇಡ್ ಕಚ್ಚೆಯೇ ಸರಿ. ಹೆಂಗಸರು ಸೀರೆಯನ್ನು ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲಕ್ಕೆ ಉಡಬೇಕು. ನೆಲ ಹುಲ್ಲು, ಜಲ್ಲಿ, ಮರದ ಪುಡಿ. ಮಳೆಯಾದ ಮರುದಿನ ಅಂಚು ಎರಡು ಇಂಚು ಕೆಸರು ಹೀರುತ್ತದೆ. ಕಾಲಿಗೆ ಮಾತ್ರ ಯಾವ ಶತಮಾನದ ಹಂಗೂ ಬೇಡ, ಪಳಗಿದ ಶೂ ಹಾಕಿ. ಮನೆಯ ಕತ್ತಿ, ಕಠಾರಿ ಮನೆಯಲ್ಲೇ ಇರಲಿ. ಒಯ್ದರೆ ಒರೆಯಿಂದ ಹೊರಬಾರದಂತೆ ಕಟ್ಟಿಸಿಕೊಂಡೇ ಒಳಗೆ ಓಡಾಡಬೇಕು.

ಟಿಕೆಟ್ ಆಯಾ ದಿನಕ್ಕೆ ಮಾತ್ರ, ಆನ್‌ಲೈನಿನಲ್ಲಿ ಮೊದಲೇ ಕೊಳ್ಳಬೇಕು. ಅಕ್ಟೋಬರಿನ ಶನಿವಾರಗಳು ಬೇಗ ಮುಗಿದುಹೋಗುತ್ತವೆ. ಗಣೇಶನ ಹಬ್ಬ, ನವರಾತ್ರಿ ಎರಡೂ ಇದೇ ಅವಧಿಗೆ ಬರುತ್ತವೆ. ಪಂಚಾಂಗ ನೋಡಿ, ಕನ್ನಡ ಸಂಘದ ಕಾರ್ಯಕ್ರಮ ನೋಡಿ, ಆಮೇಲೆ ದಿನ ಗೊತ್ತು ಮಾಡುವುದು ಒಳ್ಳೆಯದು. ಸೆಪ್ಟೆಂಬರ್ ಕೊನೆಯ ಭಾನುವಾರಗಳು ಹವೆಗೂ ಜನಸಂದಣಿಗೂ ಹದವಾಗಿರುತ್ತವೆ. ಗೇಟು 10ಕ್ಕೆ ತೆರೆಯುತ್ತದೆ. 9:15ಕ್ಕೆ ಗಾಡಿ ನಿಲ್ಲಿಸಿದರೆ ಹತ್ತಿರ ಜಾಗ ಸಿಗುತ್ತದೆ. 11ರ ಮೇಲೆ ಹೋದರೆ ಕ್ರೌನ್ಸ್‌ವಿಲ್ ರಸ್ತೆಯಲ್ಲೇ ಮಕ್ಕಳ ಉತ್ಸಾಹ ಇಳಿದಿರುತ್ತದೆ. ಪಾರ್ಕಿಂಗು ಬರೀ ಹುಲ್ಲುಗಾವಲು, ಎಲ್ಲ ಸಾಲೂ ಒಂದೇ ಥರ. ಫೋನಿನ ಮ್ಯಾಪಿನಲ್ಲಿ ಜಾಗ ಗುರುತು ಹಾಕಿಕೊಳ್ಳಿ.

ಒಳಗೆ ಹೋದ ಕೂಡಲೇ ಜೌಸ್ಟಿಂಗ್, ಅಂದರೆ ಕುದುರೆಯ ಮೇಲೆ ಕೂತು ಈಟಿ ಹಿಡಿದು ಆಡುವ ಕಾಳಗದ ಹೊತ್ತು ನೋಡಿಕೊಳ್ಳಿ. ಮಧ್ಯಾಹ್ನದ ಆಟಕ್ಕಿಂತ ಬೆಳಗಿನ ಮೊದಲ ಆಟಕ್ಕೆ ಜನ ಕಡಿಮೆ, ಬಿಸಿಲೂ ಕಡಿಮೆ. ಅರ್ಧ ಗಂಟೆ ಮುಂಚೆ ಕೂತರೆ ಬೇಲಿಯ ಪಕ್ಕ ಜಾಗ ಸಿಗುತ್ತದೆ. ಅಂದಹಾಗೆ 1962ರಲ್ಲಿ ಮೇರಿಲ್ಯಾಂಡ್ ಈ ಜೌಸ್ಟಿಂಗನ್ನೇ ರಾಜ್ಯದ ಕ್ರೀಡೆಯಾಗಿ ಘೋಷಿಸಿತು. ಆ ರಾಜ್ಯದವರು ಊರುಗಳಲ್ಲಿ ಆಡುವುದು ಮಾತ್ರ ಬೇರೆ: 80 ಗಜದ ಓಟದಲ್ಲಿ ಕಮಾನುಗಳಿಂದ ತೂಗುವ ಮೂರು ಉಂಗುರಗಳನ್ನು ಈಟಿಯ ತುದಿಯಲ್ಲಿ ಎತ್ತುವುದು. ಮೈಸೂರು ದಸರೆಯ ಪಂಜಿನ ಕವಾಯತಿನಲ್ಲಿ ಟೆಂಟ್ ಪೆಗ್ಗಿಂಗ್ (ಓಡುವ ಕುದುರೆಯ ಮೇಲಿಂದ ನೆಲದ ಗೂಟವನ್ನು ಈಟಿಯಲ್ಲಿ ಎತ್ತುವ ಆಟ) ನೋಡಿದವರಿಗೆ ಕೈಚಳಕ ಎಲ್ಲಿದೆ ಎಂದು ತಕ್ಷಣ ಹೊಳೆಯುತ್ತದೆ.

ಹಾಸ್ಯದ ಆಟಗಳಲ್ಲಿ ಕೆಲವು ಭಾರೀ ಪೋಲಿ. ಕಾರ್ಯಕ್ರಮದ ಹಾಳೆಯಲ್ಲಿ ಸೂಚನೆ ಇರುತ್ತದೆ, ಓದಿಯೇ ಕೂರಿ. ಉಯ್ಯಾಲೆ, ಬಿಲ್ಲು, ಕೊಡಲಿ ಎಸೆತ ಇವಕ್ಕೆಲ್ಲ ಪ್ರತ್ಯೇಕ ದುಡ್ಡು. ಮಕ್ಕಳಿಗೆ ತಲಾ 20 ಡಾಲರ್ ಚಿಲ್ಲರೆಯಲ್ಲಿ ಕೊಟ್ಟು "ಮುಗಿದರೆ ಮುಗೀತು ಪುಟ್ಟಾ" ಎಂದುಬಿಟ್ಟರೆ ದಿನವಿಡೀ ಚೌಕಾಸಿ ತಪ್ಪುತ್ತದೆ. ವೇಷಧಾರಿಗಳು ನೀವು ಎಲ್ಲಿಯವರು ಎಂದು ಕೇಳಿದರೆ ಮಕ್ಕಳಿಗೆ ಉತ್ತರ ಗೊತ್ತಿರಲಿ. ಕಥೆಯ ಇಸವಿ 1529ಕ್ಕಿಂತ ಹಿಂದಿನದಾದರೆ ಕೃಷ್ಣದೇವರಾಯನ ಕಡೆಯವರು. ಹೆನ್ರಿಯ ಎರಡನೇ ಹೆಂಡತಿ ಆನ್ ಬೊಲಿನ್ ಆಗಲೇ ರಾಣಿಯಾಗಿದ್ದರೆ ಅದು 1533ರ ಮೇಲಿನ ಮಾತು, ಆಗ ಕೃಷ್ಣದೇವರಾಯನ ನಂತರ ಪಟ್ಟಕ್ಕೆ ಬಂದ ಅಚ್ಯುತರಾಯನ ಕಡೆಯವರು ಎನ್ನಬೇಕು.

ಸಸ್ಯಾಹಾರಿಗಳಿಗೆ ಊಟದ ಕಡೆ ಎಚ್ಚರ ಬೇಕು. ಜಾತ್ರೆಯ ಹೆಸರಾಂತ ತಿಂಡಿ ಟರ್ಕಿ ಕೋಳಿಯ ಕಾಲು. ಫ್ರೈಸನ್ನು ಕೋಳಿ, ಮೀನು ಕರಿದ ಎಣ್ಣೆಯಲ್ಲೇ ಕರಿಯುವುದುಂಟು, ಸೂಪಿಗೆ ಕೋಳಿಯ ರಸ ಹಾಕಿರುವುದುಂಟು. ಕೇಳಿಯೇ ಕೊಳ್ಳಿ. ನಾವು ಬೆಳಿಗ್ಗೆ ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಹೊರಟು, ಒಳಗೆ ಪ್ರೆಟ್ಜೆಲ್‌ನಲ್ಲಿ ಸುಧಾರಿಸುತ್ತೇವೆ. ಸಂಜೆಗೆ ಕಾರಿನಲ್ಲಿ ಮೊಸರನ್ನ ಇರುತ್ತದೆ: ಒಂದು ಲೋಟ ಅಕ್ಕಿಯ ಅನ್ನವನ್ನು ಮೆತ್ತಗೆ ಕಿವುಚಿ, ಎರಡು ಲೋಟ ಉಗುರುಬೆಚ್ಚಗಿನ ಹಾಲು, ಎರಡೇ ಚಮಚ ಮೊಸರು. ಆರಿದ ಮೇಲೆ ಐಸ್ ಪ್ಯಾಕ್ ಇಟ್ಟ ಕೂಲರ್‌ಗೆ. ಪೂರ್ತಿ ಮೊಸರಿನಲ್ಲೇ ಕಲಸಿದರೆ ಸಂಜೆಗೆ ಹುಳಿಯಾಗಿ ಮಕ್ಕಳು ಮುಟ್ಟುವುದಿಲ್ಲ. ಒಗ್ಗರಣೆಗೆ ಹಸಿಮೆಣಸಿನಕಾಯಿ ಬದಲು ಕಾಳುಮೆಣಸು ಕುಟ್ಟಿ ಹಾಕುತ್ತೇವೆ. ವೇಷ ಕೃಷ್ಣದೇವರಾಯನ ಕಾಲದ್ದಾದ ಮೇಲೆ ಮೆಣಸೂ ಆ ಕಾಲದ್ದೇ ಇರಲಿ.

7 ಗಂಟೆಗೆ ಮುಚ್ಚುವವರೆಗೆ ಇದ್ದರೆ ಇಡೀ ಜಾತ್ರೆ ಒಟ್ಟಿಗೆ ಹೊರಡುತ್ತದೆ. 4:30ಕ್ಕೇ ಹೊರಬೀಳಿ. ತಡವಾಗಿಯೇಬಿಟ್ಟರೆ ಸಾಲಿನಲ್ಲಿ ಇಂಜಿನ್ ಸುಡುವ ಬದಲು ಮೊಸರನ್ನ ಮುಗಿಸಿ, ಗಾಡಿಗಳು ಕದಲಲು ಶುರುವಾದ ಮೇಲೆ ಹೊರಡಿ. ಮನೆಗೆ ಬಂದ ಮೇಲೆ ಕುಳ್ಳಾಯಿಯನ್ನು ಬಿಸಿಲಿಗಿಡದೆ ಗಾಳಿಗೆ ಒಣಗಿಸಿ, ಒಳಗೆ ಹಳೆಯ ಹತ್ತಿ ಬಟ್ಟೆ ತುರುಕಿ ನಿಲ್ಲಿಸಿಡಿ. ಜರಿಗೆ ನುಸಿಗುಳಿಗೆ ತಾಗಬಾರದು, ಕಪ್ಪಾಗುತ್ತದೆ. ಕಬಾಯಿಯ ಕೆಳ ಅಂಚಿಗೆ ಎರಡು ಇಂಚು ಮಡಿಕೆ ಮೊದಲೇ ಬಿಟ್ಟಿದ್ದರೆ ಮುಂದಿನ ವರ್ಷ ಬಿಚ್ಚಿ ಇಳಿಸಬಹುದು. ತೋಳು ಮಾತ್ರ ಹೊಸದಾಗಿ ಹಾಕಬೇಕಾಗುತ್ತದೆ.