ತೆಳು ನೂಲಿನ ಲೇಸ್ ಶಾಲಿಗೆ ಯಾವ ನಂಬರಿನ ಕಡ್ಡಿ?

ಹೋದ ಡಿಸೆಂಬರಿನಲ್ಲಿ ದಾವಣಗೆರೆಯ ನಮ್ಮ ಓಣಿಯ ಹುಡುಗಿಯೊಬ್ಬಳು ಕವರ್ ಹಿಡಿದುಕೊಂಡು ಮನೆಗೆ ಬಂದಳು. ಒಳಗೆ ಅರ್ಧ ಹೆಣೆದ ಬಿಳಿ ಶಾಲು. ‘ಆಂಟಿ, ಫೋಟೋದಲ್ಲಿ ಎಲೆ ಎಲೆ ಡಿಸೈನ್ ಇತ್ತು. ನನ್ನದ್ರಲ್ಲಿ ಒಂದೂ ಕಾಣ್ತಿಲ್ಲ’ ಎಂದಳು. ಕಿಟಕಿಗೆ ಹಿಡಿದು ನೋಡಿದೆ. ಶಾಲಲ್ಲ, ಮೀನು ಹಿಡಿಯುವ ಬಲೆ. ಕುಣಿಕೆಯ ಲೆಕ್ಕ ಒಂದೂ ತಪ್ಪಿರಲಿಲ್ಲ, ಕೈಯೂ ಚೆನ್ನಾಗಿತ್ತು. ತಪ್ಪಿದ್ದು ಕಡ್ಡಿ. ಅಮೆರಿಕದ ಪ್ಯಾಟರ್ನಿನಲ್ಲಿ ‘5’ ಎಂದು ಬರೆದಿತ್ತು. ಇವಳು ಅಂಗಡಿಗೆ ಹೋಗಿ 5 ನಂಬರ್ ಕೇಳಿ ತಂದಿದ್ದಳು. ಅವರ 5 ಅಂದರೆ 3.75 ಮಿಲಿಮೀಟರ್. ನಮ್ಮಲ್ಲಿ ನಡೆಯುವ ಹಳೇ ಬ್ರಿಟಿಷ್ ಲೆಕ್ಕದ 5 ಅಂದರೆ 5.5 ಮಿಲಿಮೀಟರ್. ಹೆಚ್ಚುಕಮ್ಮಿ ಒಂದೂವರೆ ಪಟ್ಟು ದಪ್ಪ.

ಇದು ಒಂದು ಥರದ ಎಡವಟ್ಟು. ನಾನು ಜಾಸ್ತಿ ನೋಡಿರುವುದು ಇದರ ಉಲ್ಟಾ. ನೂಲು ಇಷ್ಟು ತೆಳು, ಹಾಗಾಗಿ ಕಡ್ಡಿಯೂ ಸಣ್ಣದೇ ಇರಬೇಕು ಎಂದುಕೊಂಡು 14 ನಂಬರ್, ಅಂದರೆ 2 ಮಿಲಿಮೀಟರಿನದು, ಹಿಡಿದು ಕೂರುತ್ತಾರೆ. ಮೂರು ತಿಂಗಳು ಕಣ್ಣು ನೋಯಿಸಿಕೊಂಡು ಹೆಣೆದ ಮೇಲೆ ಬರುವುದು ಬನೀನಿನ ಬಟ್ಟೆ. ಸ್ವೆಟರಿಗೆ ಆ ಲೆಕ್ಕ ಸರಿ, ಅಲ್ಲಿ ಗಾಳಿ ನುಗ್ಗಬಾರದು. ಲೇಸಿನಲ್ಲಿ ತೂತೇ ಡಿಸೈನು. ಅದಕ್ಕೇ ಸ್ವೆಟರಿನ ನೂಲಿನ ಅರ್ಧದಷ್ಟು ತೆಳುವಿರುವ ನೂಲಿಗೂ ಸ್ವೆಟರಿನ ಕಡ್ಡಿಯನ್ನೇ ಹಿಡಿಯುವುದುಂಟು. ಮೊದಲ ಸಲ ಕೇಳಿದಾಗ ಯಾರೂ ನಂಬುವುದಿಲ್ಲ.

ಹಂತ 1: ಉಂಡೆಯ ಚೀಟಿ ಓದಿ

ಚೀಟಿಯಲ್ಲಿ ಗ್ರಾಂ ಒಂದನ್ನೇ ನೋಡಬೇಡಿ, ಮೀಟರ್ ನೋಡಿ. 50 ಗ್ರಾಂ ಉಂಡೆಯಲ್ಲಿ 400 ಮೀಟರ್ ಹತ್ತಿರ ಇದ್ದರೆ ಅದು ನಿಜವಾದ ಲೇಸ್ ನೂಲು. 200 ಮೀಟರ್ ಇದ್ದರೆ ಸ್ವಲ್ಪ ದಪ್ಪ. ಮೊದಲ ಶಾಲಿಗೆ ನಾನು ಇದನ್ನೇ ಹೇಳುವುದು. ಬಿಡಿ ಉಂಡೆಗೆ ಚೀಟಿಯೇ ಇರುವುದಿಲ್ಲ. ಆಗ ನೂಲನ್ನು ಸ್ಕೇಲಿಗೆ ಒಂದು ಇಂಚು ಉದ್ದಕ್ಕೆ ಪಕ್ಕಪಕ್ಕ ಸುತ್ತಿ. ಎಳೆಯಬೇಡಿ, ಒಂದರ ಮೇಲೊಂದು ಹತ್ತಿಸಬೇಡಿ. ನಿಮ್ಮ ಹತ್ತಿರ ಚೀಟಿ ಇರುವ ಇನ್ನೊಂದು ನೂಲನ್ನೂ ಹಾಗೇ ಸುತ್ತಿ, ಎಷ್ಟು ಸುತ್ತು ಬಂತು ಅಂತ ಹೋಲಿಸಿದರೆ ಅಂದಾಜು ಸಿಗುತ್ತದೆ.

ಚಳ್ಳಕೆರೆ ಕಡೆಯ ಕಂಬಳಿ ನೂಲು ತಂದು ‘ಇದರಲ್ಲೇ ಲೇಸ್ ಮಾಡ್ತೀನಿ’ ಎಂದವರೂ ಇದ್ದಾರೆ. ಬೇಡ. ಅದು ಕಂಬಳಿಗೇ ಹುಟ್ಟಿದ ನೂಲು.

ಹಂತ 2: ನಂಬರ್ ಬಿಡಿ, ಮಿಲಿಮೀಟರ್ ಹಿಡಿಯಿರಿ

ಹಳೇ ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣದು. 14 ಅಂದರೆ 2 ಮಿಲಿಮೀಟರ್, 12 ಅಂದರೆ 2.75, 10 ಅಂದರೆ 3.25, 9 ಅಂದರೆ 3.75, 8 ಅಂದರೆ 4, 7 ಅಂದರೆ 4.5. ಅಮೆರಿಕದವರದು ನೇರ: ನಂಬರ್ ಏರಿದರೆ ಕಡ್ಡಿಯೂ ದಪ್ಪ. ಅವರ 3 ಅಂದರೆ 3.25, 6 ಅಂದರೆ 4, 8 ಅಂದರೆ 5, 10 ಅಂದರೆ 6 ಮಿಲಿಮೀಟರ್. 8ರ ಹತ್ತಿರ ಎರಡೂ ಲೆಕ್ಕ ಅಕ್ಕಪಕ್ಕ ಬರುವುದರಿಂದ ಅಲ್ಲೇ ಜನ ಜಾಸ್ತಿ ಬೀಳುತ್ತಾರೆ. ನಮ್ಮದು 4, ಅವರದು 5. ನೋಡಲು ಒಂದೇ ಥರ ಕಾಣುತ್ತದೆ, ಹೆಣೆದರೆ ಗೊತ್ತಾಗುತ್ತದೆ.

ಈ ಉಲ್ಟಾ ಲೆಕ್ಕ ನಮ್ಮೂರಿನ ಹಿರಿಯರಿಗೆ ಹೊಸದಲ್ಲ. ಕಾಟನ್ ಮಿಲ್ಲುಗಳಿದ್ದ ಊರು ಇದು. ಮಿಲ್ಲಿನಲ್ಲಿ ದುಡಿದವರನ್ನು ಕೇಳಿ, ನೂಲಿನ ಕೌಂಟ್ ಏರಿದಷ್ಟೂ ಎಳೆ ಸಣ್ಣ ಎನ್ನುತ್ತಾರೆ. 840 ಗಜದ 40 ಲಡಿ ಸೇರಿ ಒಂದು ಪೌಂಡ್ ತೂಗಿದರೆ ಅದು 40 ಕೌಂಟ್. ಒಂದು ಪೌಂಡಿಗೆ 80 ಲಡಿ ಬೇಕಾಯಿತು ಅಂದರೆ ಎಳೆ ಇನ್ನೂ ಸಣ್ಣ. ಕ್ರೋಶಾ ದಾರವೂ ಅಷ್ಟೇ, 20ಕ್ಕಿಂತ 40 ತೆಳು.

ಕಡ್ಡಿಯ ಮೇಲಿನ ನಂಬರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಒಮ್ಮೆ ಒಂದು ಜೊತೆ ಅಗ್ಗದ ಕಡ್ಡಿ ತಂದಿದ್ದೆ. ಎಷ್ಟು ಹುಷಾರಾಗಿ ಹೆಣೆದರೂ ಒಂದು ಸಾಲು ಬಿಗಿ, ಒಂದು ಸಾಲು ಸಡಿಲ. ನನ್ನ ಕೈಯನ್ನೇ ಬೈದುಕೊಂಡೆ. ಕೊನೆಗೆ ಮನೆ ಹತ್ತಿರದ ಲೇತ್ ಅಂಗಡಿಗೆ ಹೋಗಿ ವರ್ನಿಯರ್ ಹಿಡಿಸಿದೆ. ಅಲ್ಲಿನ ಹುಡುಗ ಗ್ರೀಸ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒಂದೊಂದನ್ನೇ ಅಳೆದ. ‘ಮೇಡಂ, ಎರಡೂ ಬೇರೆ ಬೇರೆ ಅದಾವಲ್ರೀ’ ಎಂದು ನಕ್ಕ. ಒಂದು 3.25, ಇನ್ನೊಂದು 3.5. ಒಂದೇ ಪ್ಯಾಕೆಟ್! ಅವತ್ತಿನಿಂದ ಹೊಸ ಕಡ್ಡಿ ಬಂದರೆ ಮೊದಲು ಲೇತ್ ಅಂಗಡಿ. ತೂತುಗಳಿರುವ ಅಳತೆಪಟ್ಟಿಯೂ ಸಿಗುತ್ತದೆ, ಅದಿದ್ದರೆ ಇನ್ನೂ ಸುಲಭ.

ನಮ್ಮಮ್ಮ ಹೆಣೆಯುತ್ತಿದ್ದುದು ಸೈಕಲ್ ಚಕ್ರದ ಕಡ್ಡಿಯಲ್ಲಿ. ತುದಿಯನ್ನು ಒಗೆಯುವ ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಳ್ಳುತ್ತಿದ್ದರು. ಸಾಮಾನ್ಯ ಸೈಕಲ್ ಕಡ್ಡಿ 2 ಮಿಲಿಮೀಟರ್, ಅಂದರೆ ನಮ್ಮ 14 ನಂಬರ್. ಕಾಲುಚೀಲಕ್ಕೆ ಬಂಗಾರದಂಥ ಕಡ್ಡಿ. ಲೇಸಿಗೆ ಬೇಡ.

ಹಂತ 3: ಮೂರು ಕಡ್ಡಿ ಆರಿಸಿಕೊಳ್ಳಿ

ಒಂದಲ್ಲ, ಮೂರು. 50 ಗ್ರಾಂಗೆ 400 ಮೀಟರ್ ಬರುವ ನೂಲಿಗೆ ನಾನು 3.25, 3.75, 4 ತೆಗೆದಿಟ್ಟುಕೊಳ್ಳುತ್ತೇನೆ. 200 ಮೀಟರಿನದಕ್ಕೆ 3.75, 4, 4.5. ಹತ್ತಿ ನೂಲಾದರೆ ಒಂದು ಅಳತೆ ಇಳಿಸಿ. ಹತ್ತಿಗೆ ಉಣ್ಣೆಯ ಹಾಗೆ ಹಿಗ್ಗಿ ಕುಗ್ಗುವ ಗುಣ ಇಲ್ಲ, ದೊಡ್ಡ ಕಡ್ಡಿಯಲ್ಲಿ ಹೆಣೆದರೆ ಜೋತು ಬೀಳುತ್ತದೆ.

ತುದಿ ಚೂಪಿರಲಿ. ಲೇಸಿನಲ್ಲಿ ಎರಡು ಮೂರು ಕುಣಿಕೆಗಳನ್ನು ಒಟ್ಟಿಗೆ ಎತ್ತಬೇಕು, ಮೊಂಡು ತುದಿ ನೂಲನ್ನು ಸೀಳುತ್ತದೆ. ಹೆಬ್ಬೆರಳಿಗೆ ಒತ್ತಿದರೆ ಸ್ವಲ್ಪ ಚುಚ್ಚಬೇಕು. ಜಾರುವ ನೂಲಿಗೆ, ಅಂದರೆ ರೇಷ್ಮೆ, ರೇಯಾನ್, ಹೊಳಪಿನ ಹತ್ತಿಗೆ ಬಿದಿರು ಅಥವಾ ಮರದ ಕಡ್ಡಿ. ಜುಂಗು ಜುಂಗಾದ ಉಣ್ಣೆಗೆ ಸ್ಟೀಲ್. ಬಣ್ಣ ಬಳಿದ ಅಗ್ಗದ ಅಲ್ಯೂಮಿನಿಯಂ ಕಡ್ಡಿಯನ್ನು ಬಿಳಿ ನೂಲಿನ ಹತ್ತಿರವೂ ತರಬೇಡಿ. ಏಪ್ರಿಲ್ ಬಿಸಿಲಿಗೆ ಕೈ ಬೆವರಿದರೆ ಬಣ್ಣ ಏಳುತ್ತದೆ, ಒಳಗಿನ ಲೋಹ ಬೂದು ಬಣ್ಣದ ಗೀರು ಬಿಡುತ್ತದೆ. ವಯರ್ ಇರುವ ಸರ್ಕ್ಯುಲರ್ ಕಡ್ಡಿ ಕೊಳ್ಳುವುದಾದರೆ ವಯರ್ ಸೇರುವ ಜಾಗದಲ್ಲಿ ಉಗುರು ಆಡಿಸಿ ನೋಡಿ. ಉಗುರು ತಡೆದರೆ ಅಲ್ಲೇ ವಾಪಸ್ ಕೊಡಿ. ತೆಳು ನೂಲು ಪ್ರತಿ ಸಾಲಿನಲ್ಲೂ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಹಂತ 4: ಸ್ಯಾಂಪಲ್

ಎಲ್ಲರೂ ಹಾರಿಸುವ ಹಂತ ಇದು. ‘ಅಯ್ಯೋ, ಅಷ್ಟೊತ್ತಿಗೆ ಹತ್ತು ಸಾಲು ಆಗಿಬಿಡುತ್ತಿತ್ತಲ್ಲ’ ಎನ್ನುತ್ತಾರೆ. ಅದೇ ಹತ್ತು ಸಾಲನ್ನು ಆಮೇಲೆ ಇನ್ನೂರು ಸಾಲಿನ ಜೊತೆ ಸೇರಿಸಿ ಬಿಚ್ಚುತ್ತಾರೆ.

ಸಾದಾ ಸೀದಾ-ಉಲ್ಟಾ ಹೆಣೆದು ನೋಡಿದರೆ ಪ್ರಯೋಜನ ಇಲ್ಲ. ಶಾಲಿನ ಡಿಸೈನನ್ನೇ ಹೆಣೆಯಬೇಕು. ಡಿಸೈನು 12 ಕುಣಿಕೆಗೊಮ್ಮೆ ಮರಳಿ ಬರುತ್ತದೆ ಅಂದುಕೊಳ್ಳಿ. ಮೂರು ಸಲಕ್ಕೆ 36, ಅಂಚಿಗೆ ಆ ಕಡೆ ಎರಡು, ಈ ಕಡೆ ಎರಡು, ಒಟ್ಟು 40 ಕುಣಿಕೆ ಏರಿಸಿ. ಮೊದಲು ಸಣ್ಣ ಕಡ್ಡಿಯಲ್ಲಿ ಒಂದು ಪೂರ್ತಿ ಡಿಸೈನು, ನಾಲ್ಕು ಸಾಲು ಸಾದಾ. ಆಮೇಲೆ ಮಧ್ಯದ ಕಡ್ಡಿ, ಮತ್ತೆ ನಾಲ್ಕು ಸಾಲು ಸಾದಾ. ಕೊನೆಗೆ ದೊಡ್ಡದು. ಪ್ರತಿ ಭಾಗದ ಅಂಚಿಗೆ ಬಣ್ಣದ ದಾರ ಕಟ್ಟಿ, ಒಂದು ಗಂಟು, ಎರಡು ಗಂಟು, ಮೂರು ಗಂಟು ಹಾಕಿ. ಯಾವುದು ಯಾವ ಕಡ್ಡಿ ಅಂತ ನೆನಪಿರುತ್ತೆ ಎಂದುಕೊಂಡರೆ, ಇರುವುದಿಲ್ಲ.

ಕಡ್ಡಿಯಿಂದ ಇಳಿಸಿದ ಕೂಡಲೇ ಅದು ಒಗೆದು ಹಿಂಡಿ ಬಿಸಾಕಿದ ಕರ್ಚೀಫಿನ ಹಾಗೆ ಮುದುಡಿರುತ್ತದೆ. ಗಾಬರಿಯಾಗಬೇಡಿ, ಆ ಹೊತ್ತಿನಲ್ಲಿ ತೀರ್ಮಾನವನ್ನೂ ಮಾಡಬೇಡಿ. ತಣ್ಣೀರಿಗೆ ಒಂದು ಹನಿ ಶಾಂಪೂ ಹಾಕಿ 20 ನಿಮಿಷ ನೆನೆಸಿ. ಹಿಂಡಬಾರದು. ಟವೆಲ್ಲಿನಲ್ಲಿ ಸುತ್ತಿ ಅದರ ಮೇಲೆ ನಿಂತುಕೊಳ್ಳಿ, ನೀರು ಹೋಗುತ್ತದೆ. ಆಮೇಲೆ ಥರ್ಮಾಕೋಲ್ ಶೀಟಿನ ಮೇಲೆ ಹರಡಿ, ನಾಲ್ಕೂ ಕಡೆ ಎಳೆದು ಪಿನ್ ಚುಚ್ಚಿ. ತೂತುಗಳು ಬಾಯಿ ಬಿಡುವಷ್ಟು ಎಳೆಯಿರಿ, ನೂಲು ಹರಿಯುವಷ್ಟಲ್ಲ.

ಪಿನ್ ವಿಷಯ. ಆಫೀಸಿನ ಗುಂಡುಪಿನ್ ಒದ್ದೆಗೆ ತುಕ್ಕು ಹಿಡಿಯುತ್ತದೆ. ನನ್ನ ಒಂದು ಕೆನೆಬಣ್ಣದ ಸ್ಟೋಲಿನ ಅಂಚಿನಲ್ಲಿ ಇವತ್ತಿಗೂ ಕಂದು ಚುಕ್ಕಿಗಳಿವೆ, ಸರಿಯಾಗಿ ಎರಡೆರಡು ಇಂಚಿಗೆ ಒಂದು. ಡಿಸೈನು ಅಂತ ಹೇಳಿ ಸಂಭಾಳಿಸುತ್ತೇನೆ. ನೀವು ತುಕ್ಕು ಹಿಡಿಯದ ಪಿನ್ ಅಂತಲೇ ಕೇಳಿ ತನ್ನಿ.

ಫ್ಯಾನಿನ ಗಾಳಿಗೆ ಒಣಗಲಿ, ಬಿಸಿಲಿಗೆ ಬೇಡ. ಪೂರ್ತಿ ಒಣಗಿದ ಮೇಲೆ ಪಿನ್ ತೆಗೆದು ಒಂದು ರಾತ್ರಿ ಹಾಗೇ ಬಿಡಿ. ಉಣ್ಣೆ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಶಾಲು ಹೊದ್ದಾಗ ಇರುವ ಅಳತೆ ಅದೇ.

ಅಕ್ರಿಲಿಕ್ ನೂಲಿನ ಕಥೆ ಬೇರೆ. ನೀರಿಗೆ ಅದು ಬಗ್ಗುವುದಿಲ್ಲ, ಪಿನ್ ತೆಗೆದರೆ ಮತ್ತೆ ಮುದುಡುತ್ತದೆ. ಅದಕ್ಕೆ ಸ್ಟೀಮ್ ಇಸ್ತ್ರಿಯ ಹಬೆ ಕೊಡಬೇಕು, ಒಂದು ಇಂಚು ಮೇಲಿನಿಂದ. ಇಸ್ತ್ರಿ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ. ಹಬೆ ಜಾಸ್ತಿಯಾದರೆ ಬಟ್ಟೆ ಜೀವ ಕಳೆದುಕೊಂಡು ಜೋತಾಡುತ್ತದೆ, ಮತ್ತೆ ಸರಿಹೋಗುವುದಿಲ್ಲ. ನನ್ನನ್ನು ಕೇಳಿದರೆ ಅಕ್ರಿಲಿಕ್‌ನಲ್ಲಿ ಲೇಸ್ ಮಾಡಲೇಬೇಡಿ. ನಮ್ಮ ಸೆಕೆಗೆ ತೆಳು ಹತ್ತಿಯೇ ವಾಸಿ.

ಹಂತ 5: ಈಗ ನೋಡಿ

ಪಟ್ಟಿಯನ್ನು ಬೆಳಗಿನ ಹೊತ್ತು ಕಿಟಕಿಗೆ ಹಿಡಿಯಿರಿ. ಮೇಜಿನ ಮೇಲಿಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ನೂಲನ್ನು ಕಡ್ಡಿಗೆ ಸುತ್ತಿ ಮಾಡಿದ ತೂತು ಒಂದು ಕಡೆ, ಎರಡು ಕುಣಿಕೆ ಸೇರಿಸಿ ಮಾಡಿದ ಗೆರೆ ಒಂದು ಕಡೆ. ತೂತು ತೂತಾಗಿ, ಗೆರೆ ಗೆರೆಯಾಗಿ ಬೇರೆ ಬೇರೆ ಕಾಣಬೇಕು. ಸಾದಾ ಕುಣಿಕೆಗಳ ನಡುವೆಯೂ ತೂತಿನಷ್ಟೇ ಬೆಳಕು ತೂರಿಬಂದರೆ ಕಡ್ಡಿ ದಪ್ಪವಾಯಿತು. ಎಲೆಯ ನಡುವಿನ ನರ ಉಬ್ಬಿಕೊಂಡು ತೂತು ಸೀಳಿನ ಹಾಗೆ ಮುಚ್ಚಿಕೊಂಡಿದ್ದರೆ ಕಡ್ಡಿ ಸಣ್ಣದಾಯಿತು.

ಆಮೇಲೆ ಮುಷ್ಟಿಯಲ್ಲಿ ಮುದುರಿ ಬಿಡಿ. ಹಪ್ಪಳದ ಹಾಗೆ ಸೆಟೆದು ನಿಂತರೆ ಹೆಗಲ ಮೇಲೆ ಕೂರುವುದಿಲ್ಲ. ಬೆರಳಿನ ಮೇಲೆ ಹಾಕಿದರೆ ನೀರಿನಂತೆ ಇಳಿಯಬೇಕು. ಎರಡು ಭಾಗದ ನಡುವೆ ಗೊಂದಲವಾದರೆ ನಾನು ಸಣ್ಣ ಕಡ್ಡಿಯದನ್ನೇ ಆರಿಸುತ್ತೇನೆ. ಹಾಕಿ ಒಗೆದು ಹಾಕಿ ಒಗೆದು ಲೇಸ್ ಹಿಗ್ಗುತ್ತಲೇ ಇರುತ್ತದೆ.

ರಷ್ಯಾದ ಒರೆನ್‌ಬರ್ಗ್ ಮತ್ತು ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಶಾಲುಗಳನ್ನು ಉಂಗುರದೊಳಗೆ ತೂರಿಸಬಹುದು ಎಂದು ಕೇಳಿರುತ್ತೀರಿ. ಅದನ್ನು ಕೇಳಿ ಸಣ್ಣ ಕಡ್ಡಿ ಹುಡುಕುವವರಿದ್ದಾರೆ. ಉಂಗುರದಲ್ಲಿ ತೂರುವುದು ನೂಲು ಅಷ್ಟು ತೆಳು ಇರುವುದರಿಂದ. ಸಣ್ಣ ಕಡ್ಡಿ ಹಿಡಿದರೆ ಬಟ್ಟೆ ಒತ್ತಾಗಿ, ತೂರುವುದು ಇನ್ನೂ ಕಷ್ಟವಾಗುತ್ತದೆ.

ಹಂತ 6: ಅಳೆಯಿರಿ

ಒಂದೇ ಪಟ್ಟಿಯಲ್ಲಿ ಮೂರು ಕಡ್ಡಿ ಇರುವುದರಿಂದ ಪಕ್ಕದ ಭಾಗಗಳು ಒಂದನ್ನೊಂದು ಜಗ್ಗುತ್ತವೆ. ಹಾಗಾಗಿ ಆ ಪಟ್ಟಿ ಕಣ್ಣಿಗೆ ಮಾತ್ರ. ಆರಿಸಿದ ಕಡ್ಡಿಯಲ್ಲಿ ಇನ್ನೊಂದು ಚೌಕ ಹೆಣೆದು, ನೆನೆಸಿ, ಒಣಗಿಸಿ ಅಳೆಯಬೇಕು. ಹೌದು, ಇನ್ನೊಂದು. ಅಂಚು ಬಿಟ್ಟು ನಡುವಿನ ಡಿಸೈನು ಎಷ್ಟಗಲ ಇದೆ ನೋಡಿ. 12 ಕುಣಿಕೆ 6 ಸೆಂಟಿಮೀಟರ್ ಬಂದರೆ, ಎಂಟು ಡಿಸೈನಿಗೆ 48. 5 ಬಂದರೆ 40. ಚೌಕದಲ್ಲಿ ಒಂದು ಸೆಂಟಿಮೀಟರ್ ತಾನೇ ಎಂದು ಬಿಟ್ಟದ್ದು ಸ್ಟೋಲಿನಲ್ಲಿ ಎಂಟು ಸೆಂಟಿಮೀಟರ್ ಆಗುತ್ತದೆ.

ಅಗಲ ಸಾಲದಿದ್ದರೆ ಕಡ್ಡಿ ಬದಲಿಸಬೇಡಿ. ಕಡ್ಡಿಯನ್ನು ಕಿಟಕಿಯ ಬೆಳಕಲ್ಲಿ ಆರಿಸಿ ಆಗಿದೆ. ಇನ್ನೊಂದು ಡಿಸೈನಿಗೆ ಬೇಕಾದ 12 ಕುಣಿಕೆ ಜಾಸ್ತಿ ಏರಿಸಿ.

ಚೌಕ ಹೆಣೆದ ಕಡ್ಡಿಯಲ್ಲೇ ಶಾಲನ್ನೂ ಹೆಣೆಯಿರಿ. ಬಿದಿರಿನ 3.75ರಲ್ಲಿ ಸ್ಯಾಂಪಲ್ ಮಾಡಿ ಸ್ಟೀಲಿನ 3.75ರಲ್ಲಿ ಶಾಲು ಶುರು ಮಾಡಿದರೆ ಅಳತೆ ಬೇರೆ ಬರಬಹುದು. ಸ್ಟೀಲಿನ ಮೇಲೆ ನೂಲು ಜಾರುತ್ತದೆ, ಕೈ ಸಡಿಲವಾಗುತ್ತದೆ.

ಹಂತ 7: ಏರಿಸುವುದು, ಮುಚ್ಚುವುದು

ಮೊದಲ ಸಾಲು ಏರಿಸಲು ಒಂದು ಅಳತೆ ದೊಡ್ಡ ಕಡ್ಡಿ, ಕೊನೆಯ ಸಾಲು ಮುಚ್ಚಲು ಎರಡು ಅಳತೆ ದೊಡ್ಡದು. ಶಾಲು 3.75ರಲ್ಲಿದ್ದರೆ ನಾನು 4.5ರಲ್ಲಿ ಮುಚ್ಚುತ್ತೇನೆ. ಅಂಚು ಬಿಗಿಯಾದರೆ ನಡುವಿನ ಲೇಸ್ ಎಷ್ಟು ಎಳೆದರೂ ಬಿಚ್ಚಿಕೊಳ್ಳುವುದಿಲ್ಲ, ಶಾಲು ದೋಣಿಯ ಹಾಗೆ ಮಡಚಿಕೊಳ್ಳುತ್ತದೆ. ಇದನ್ನೂ ಚೌಕದ ಮೇಲೇ ಮಾಡಿ ನೋಡಿ, ನೀರಿಗೆ ಹಾಕುವ ಮೊದಲು.